ತೊಳೆದರೂ ಬಿಡದ ಬಣ್ಣ

ಪೊಲೀಸ್ ಆಕ್ಷನ್ ಆದ ವರ್ಷ, ದಸರೆಯ ಬನ್ನಿ ಕೊಟ್ಟು ಬಂದ ಮರುದಿನ, ನಾನು ಮೊದಲ ಸಲ ಮನೆ ಬಿಟ್ಟೆ. ನಾಲ್ಕನೇ ಜಮಾತಿಗೇ ಓದು ಸಾಕೆಂದು ಸಾಲಿಗೆ ಕೈಮುಗಿದವ ನಾನು. ಎಲ್ಲಿಗೆ ಹೋದರೂ ಫಜೀತಿ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ತಿರುಗಿ ತಿರುಗಿ ಕಡೆಗೆ ಬೀದರಿನ ದವಾಖಾನೆಯಲ್ಲಿ ಕಾಲರಾ ಡಾಕ್ಟರ ಪೆಟ್ಟಿಗೆ ಹೊರುವ ಹಂಗಾಮಿ ಜವಾನನಾದೆ. ಫಜೀತಿ ಅಲ್ಲೂ ಕೂತಿತ್ತು.

ದುರ್ಬೀನು

ಡಾಕ್ಟರು ಒಂದು ದಿನ ಕರೆದು, ಹುಳ ನೋಡುವ ದುರ್ಬೀನಿನ ಮುಂದೆ ನಿಲ್ಲಿಸಿದರು.

"ಏನ್ ಕಾಣಸ್ತದ?"

"ಕರೀದು, ಉದ್ದಂದು, ಬಾಗೇದ್ರಿ ಸಾಹೇಬ್ರ. ನಾ ಕಣ್ಣು ಮಿಟುಕಿಸಿದ್ರ ಹೆದರಿ ಹಾರ್ತದ!"

"ಅದು ನಿನ್ನ ರೆಪ್ಪಿ ಕೂದಲಪ್ಪಾ."

ಆಮೇಲೆ ಖರೆ ಹುಳ ತೋರಿಸಿದರು. ಕೆಲವು ಗುಂಡಗೆ ಗೊಂಚಲಾಗಿ, ಕೆಲವು ಕೋಲಿನ ಹಾಗೆ. ಕಾಲರಾದ್ದು ಬಾಗಿದ್ದು, ಒಂದೇ ಬಾಲದ್ದು. ನೇರಳೆ ಬಣ್ಣ ಹಚ್ಚಿ ಸ್ಪಿರಿಟಿನಲ್ಲಿ ತೊಳೆದರೆ ಕುರುವಿನ ಗುಂಡು ಹುಳದ ದಪ್ಪ ಗೋಡೆ ಬಣ್ಣ ಬಿಡುವುದಿಲ್ಲ, ಕಾಲರಾದ್ದು ಬಿಟ್ಟುಬಿಡುತ್ತದೆ ಎಂದರು.

"ತಿಳೀತಾ?"

"ಪೂರಾ ತಿಳೀತ್ರಿ," ಅಂದೆ. ಕೆಟ್ಟದ್ದು ಅಲ್ಲೇ.

ಹಲಬರ್ಗಾದ ಸಭೆ

ಕಾಲರಾ ಸೂಜಿ ಹಾಕಲು ಭಾಲ್ಕಿ ಕಡೆ ಹಲಬರ್ಗಾಕ್ಕೆ ಹೋದಾಗ, ಡಾಕ್ಟರು ಸೂಜಿ ಕುದಿಸುವಷ್ಟರಲ್ಲಿ ಜನರಿಗೆ ತಿಳಿಹೇಳುವ ಕೆಲಸ ನನ್ನದು. ಎದುರಿಗೆ ಕುರಿ ಸಾಕುವವರು. ಅವರದೇ ಮಾತಿನಲ್ಲಿ ಹೇಳೋಣ ಅಂತ, "ನೀವು ಕುರಿಗಿ ಬಣ್ಣದ ಗುರುತು ಹಾಕ್ತೀರಲ್ಲ, ಹಂಗ ನಮ್ಮ ಸಾಹೇಬ್ರು ಹುಳಕ್ಕ ನೇರಳಿ ಬಣ್ಣ ಹಾಕ್ತಾರ," ಅಂದೆ.

ಒಬ್ಬ ಮುದುಕ ದಿಗ್ಗನೆ ಎದ್ದ. "ನೇರಳಿ ಗುರುತು ನಂದದರಿ! ನನ್ನ ಕುರಿ ಬೀದರ ದವಾಖಾನಿಗಿ ಯಾಕ ಹೋಗ್ತಾವ?"

"ಹೋದ ವಾರ ಒಂದು ತಪ್ಪಿಸಿಕೊಂಡಿತ್ತಲ್ಲೋ ಕಾಕಾ!" ಅಂತ ಹಿಂದಿನಿಂದ ಒಬ್ಬ.

ಡಾಕ್ಟರು ಸೂಜಿ ಹಿಡಿದು ಬರುವಷ್ಟರಲ್ಲಿ ಇಡೀ ಊರು ಆ ಕುರಿ ಹುಡುಕಲು ಹೋಗಿತ್ತು.

ಚಿಂತಾಕಿಯ ಕಟ್ಟೆ

ಆಮೇಲೆ ಔರಾದ ಕಡೆ ಕಾಲರಾ ಕಾಣಿಸಿತು. ಚಿಂತಾಕಿಯ ಬಾಜೂ ಊರಿಗೇ ಬಂದಿತ್ತು. ಡಾಕ್ಟರು ಖಡಕ್ಕಾಗಿ ಹೇಳಿದರು: "ಚಿಂತಾಕಿ ಮಂದಿ ಸೂಜಿ ಹಾಕಿಸ್ಕೊಂಡ್ರ ಊರು ಉಳೀತದ, ನಿನ್ನ ನೌಕರೀನೂ ಪಕ್ಕಾ. ಇಲ್ಲಂದ್ರ ನಿನ್ನ ದಾರಿ ನಿನಗ."

ಎತ್ತಿನ ಗಾಡಿ ಒಂದು ತಗ್ಗಿಗೆ ಇಳಿದದ್ದೇ ತಡ, ಹುಳಕ್ಕೆ ಹಚ್ಚುವ ನೇರಳೆ ಬಣ್ಣದ ಶೀಷೆ ನನ್ನ ತೊಡೆಯ ಮೇಲೆ ಒಡೆಯಿತು. ಎರಡೂ ಕೈ ನೇರಳೆ. ಗದ್ದ ತುರಿಸಿಕೊಂಡೆ, ಅದೂ ನೇರಳೆ. ಕಂಬಳಿಯೊಳಗೆ ಕೈ ಅಡಗಿಸಿಕೊಂಡೇ ಕಟ್ಟೆ ಹತ್ತಿದೆ.

"ಈ ಹುಳ ಕಡಿಯೂದಿಲ್ಲ. ನೀರಿನ ಕೂಡ ಹೊಟ್ಟಿಗಿ ಹೋಗಿ, ಕರುಳಿಗಿ ಅಂಟಿ ವಿಷ ಬಿಡ್ತದ. ಮೈಯಾನ ನೀರೆಲ್ಲ ಹೊರಗ ಹೋಗಿ ಮನಷ್ಯಾ ಒಣಗ್ತಾನ."

ಜನ ಗಪ್ಪಾಗಿ ಕೇಳುತ್ತಿದ್ದರು. ನೌಕರಿ ಪಕ್ಕಾ ಆದ ಹಾಗೇ ಅನಿಸಿತು. ಮುಂದೆ ಕೂತ ಒಬ್ಬ ಅಜ್ಜಿ ಕೇಳಿದಳು: "ಯಾವುದು ಯಾವ ಹುಳ ಅಂತ ಹ್ಯಾಂಗ ಗುರುತು ಹಿಡೀತೀರಿ ತಮ್ಮಾ?"

ಹುರುಪಿನಲ್ಲಿ ಎರಡೂ ಕೈ ಎತ್ತಿಬಿಟ್ಟೆ. "ನೇರಳಿ ಬಣ್ಣ ಹಚ್ಚಿ ಸ್ಪಿರಿಟಿನಾಗ ತೊಳದ್ರ, ಬಣ್ಣ ಬಿಡ್ತು ಅಂದ್ರ ಕಾಲರಾ ಇರಬಹುದು. ಬಿಡಲಿಲ್ಲಂದ್ರ ಕುರುವಿನ ಜಾತೀದು!"

ಎಲ್ಲರ ಕಣ್ಣು ನನ್ನ ಕೈಮೇಲೆ. ಅಜ್ಜಿ ಒಂದು ತಂಬಿಗೆ ನೀರು ತರಿಸಿದಳು. ಡಾಕ್ಟರ ಸ್ಪಿರಿಟೂ ಇಸಿದುಕೊಂಡಳು. ಊರೆದುರು ತಾನೇ ನನ್ನ ಕೈ ತಿಕ್ಕಿದಳು. ಬೂದಿ ಹಾಕಿ ಇನ್ನೊಮ್ಮೆ ತಿಕ್ಕಿದಳು. ಬಿಡಲಿಲ್ಲ.

"ಹೆದರಬ್ಯಾಡ್ರಿ," ಅಂತ ಊರಿಗೆ ಸಾರಿದಳು. "ಇವ ಕಾಲರಾ ಅಲ್ಲ. ಊರಿಗಿ ಎದ್ದ ಕುರು!"

ಕಟ್ಟೆಯೇ ಬಿದ್ದುಬಿದ್ದು ನಕ್ಕಿತು. ಅಜ್ಜಿ ಡಾಕ್ಟರ ಮುಂದೆ ತೋಳು ಚಾಚಿದಳು. "ಸೂಜಿ ಹಾಕಿಸ್ಕೋತೇವಿ ಸಾಹೇಬ್ರ. ಮೊದಲ ಈ ಕುರು ಊರ ಹೊರಗ ಹಾಕ್ರಿ."

ಹಾಕಿದರು. ಊರ ಹೊರಗಿನ ಬೇವಿನ ಗಿಡದ ಕೆಳಗೆ ಕೂತು, ಇಡೀ ಚಿಂತಾಕಿ ಸಾಲಾಗಿ ನಿಂತು ಸೂಜಿ ಚುಚ್ಚಿಸಿಕೊಳ್ಳುವುದನ್ನು ನೋಡಿದೆ.

ಸಂಜೆ ಡಾಕ್ಟರು ಖಾಲಿ ಪೆಟ್ಟಿಗೆ ಬಡಿಯುತ್ತ ಬಂದರು. "ನೌಕರಿ ಪಕ್ಕಾ! ನಾಳಿಯಿಂದ ಎಲ್ಲಾ ಊರಾಗೂ ಹಿಂಗೇ. ಮೊದಲ ನಿನ್ನ ಓಡಸೋದು, ಆಮ್ಯಾಲ ಸೂಜಿ!"

ಓಡಿಹೋಗುವುದು ನನಗೆ ಹೊಸದಲ್ಲ. ಆದರೆ ಸರ್ಕಾರಿ ಹುಕುಮಿನ ಮೇಲೆ ಓಡಿಹೋಗುವುದು ನನ್ನಿಂದ ಆಗದ ಮಾತು. ಬೀದರಿಗೆ ಬಂದವನೇ ಧೋತರ, ಕಂಬಳಿ ಗಂಟು ಕಟ್ಟಿದೆ. ಬೆರಳಿನ ನೇರಳೆ ಇನ್ನೂ ಬಿಟ್ಟಿರಲಿಲ್ಲ. ಯಾವ ದಾರಿಯಾದರೂ ಆದೀತು, ಹಲಬರ್ಗಾದ್ದು ಮಾತ್ರ ಬೇಡ ಅಂದುಕೊಂಡೆ. ಆ ಕಾಕಾ ಕಂಡರೆ, ತಪ್ಪಿಸಿಕೊಂಡ ಕುರಿ ಸಿಕ್ಕಿತೆಂದು ನನ್ನನ್ನೇ ಹಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದ.