ಹುಣಸೂರು ರಸ್ತೆಯಲ್ಲಿ ಜಪಾನ್ ಶಾಖ

"ಗಂಡಸಾದವನು ಹೆಂಡತಿಯ ಒಡವೆಯನ್ನಾದರೂ ಪರರ ಕೈಗೆ ಕೊಟ್ಟಾನು, ತನ್ನ ಕಾರಿನ ಬಾನೆಟ್ಟನ್ನು ಮಾತ್ರ ಪರರ ಕೈಯಿಂದ ಎತ್ತಿಸಬಾರದು! ಇವತ್ತಿನಿಂದ ಮೆಕ್ಯಾನಿಕ್ಕಿನ ನೆರಳೂ ನಮ್ಮ ಕಾರಿನ ಮೇಲೆ ಬೀಳಕೂಡದು!"

ಹೀಗೆಂದು ಗುರುಮಲ್ಲಪ್ಪನವರು ಘೋಷಿಸಿದ್ದು ಚಾಮರಾಜಪುರಂನ ತಮ್ಮ ಮನೆಯ ಜಗಲಿಯ ಮೇಲೆ ನಿಂತು, ೧೯೬೪ನೇ ಇಸವಿಯ ವೈಶಾಖದ ಒಂದು ಬೆಳಿಗ್ಗೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು. ಕೇಳಿಸಿಕೊಂಡವರು ಇಬ್ಬರೇ: ಹಿತ್ತಾಳೆ ಡಬ್ಬಿಗೆ ಮೈಸೂರು ಪಾಕ್ ಜೋಡಿಸುತ್ತಿದ್ದ ಅವರ ಹೆಂಡತಿ ದಾಕ್ಷಾಯಣಮ್ಮ, ಮತ್ತು ಆ ಕಾರು.

"ಪರರು ಎತ್ತೋದು ಬೇಡ ಅಂದ್ರೆ ಬೇಡ. ಇವತ್ತೊಂದು ದಿನ ನೀವೂ ಎತ್ಬೇಡಿ ಕಣ್ರೀ," ಎಂದರು ದಾಕ್ಷಾಯಣಮ್ಮ.

"ಯಾಕೆ?"

"ಹನ್ನೆರಡು ಗಂಟೆಗೆ ಹುಣಸೂರಲ್ಲಿ ನನ್ನ ತಮ್ಮನ ಹೊಸಮನೇಲಿ ಹಾಲು ಉಕ್ಕಿಸಬೇಕಾದೋಳು ನಾನು. ನಾನು ಹೋಗೋದು ಒಂದು ಗಳಿಗೆ ತಡವಾದ್ರೆ ಸಾಕು, ಅವನ ನಾದಿನಿ ಸೆರಗು ಕಟ್ಕೊಂಡು ಒಲೆ ಮುಂದೆ ನಿಂತಿರ್ತಾಳೆ. ನಿಮ್ಮ ಬಾನೆಟ್ಟಿಗೆ ಬೇರೆ ಮುಹೂರ್ತ ನೋಡ್ಕೊಳ್ಳಿ!"

ಗುರುಮಲ್ಲಪ್ಪನವರು ರೇಷ್ಮೆ ಗಿರಣಿಯೊಂದರಲ್ಲಿ ನೇಯ್ಗೆಯ ಮಾಸ್ತರು. ಇಪ್ಪತ್ತೆರಡು ವರ್ಷದ ಅನುಭವ. ಎಂಬತ್ತು ಮಗ್ಗಗಳು ಒಟ್ಟಿಗೆ ಲಟಲಟ ಎನ್ನುತ್ತಿದ್ದರೂ ಬಾಗಿಲಲ್ಲೇ ನಿಂತು "ಮೂರನೇ ಸಾಲು, ಆರನೇ ಮಗ್ಗ, ಲಾಳಿ ಸವೆದಿದೆ" ಎನ್ನಬಲ್ಲ ಕಿವಿ ಅವರದು. ಆ ಕಿವಿಯ ಮೇಲಿದ್ದ ಅಭಿಮಾನವೇ ಕೊನೆಗೆ ಕಾರಿನ ರೂಪ ತಾಳಿ ಮನೆಯ ಮುಂದೆ ಬಂದು ನಿಂತಿತ್ತು.

ಅಂಬಾಸಡರ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಗಿರಣಿಗೆ ಹೊಸ ಯಂತ್ರ ಕೂರಿಸಲು ಜಪಾನಿನಿಂದ ಒಬ್ಬ ತಜ್ಞರು ಬಂದಿದ್ದರು. ಹೆಸರು ಮೋರಿ. ಅಷ್ಟು ದೊಡ್ಡ ಮನುಷ್ಯರನ್ನು ಹಾಗೆ ಕರೆಯಲು ಮೈಸೂರಿನವರ ನಾಲಿಗೆ ಹಿಂಜರಿದು, ಎಲ್ಲರೂ "ಜಪಾನ್ ಸಾಹೇಬ್ರು" ಎಂದೇ ಕರೆಯುತ್ತಿದ್ದರು. ಅವರು ತಮ್ಮ ಜೊತೆಗೆ ತಮ್ಮ ಟೊಯೋಟಾ ಕಾರನ್ನೂ ತಂದಿದ್ದರು. ಊರಿಗೆ ಹಿಂತಿರುಗುವಾಗ, ಸರ್ಕಾರದ ಕಾಗದಪತ್ರವೆಲ್ಲ ಮುಗಿಸಿ, ಅದನ್ನು ಗುರುಮಲ್ಲಪ್ಪನವರಿಗೆ ಕೊಟ್ಟು ಹೋದರು. ಕಾರಿನೊಂದಿಗೆ ಒಂದು ಪುಸ್ತಕವನ್ನೂ ಕೊಟ್ಟರು. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಜಪಾನೀ ಲಿಪಿ! ಗುರುಮಲ್ಲಪ್ಪನವರು ಊಟವಾದ ಮೇಲೆ ದಿನಾ ಅದನ್ನು ತಿರುವಿ ಹಾಕಿ, ಅಲ್ಲಲ್ಲಿ ತಲೆದೂಗುತ್ತಿದ್ದರು.

ಕಾರು ಬಂದ ದಿನ ಬೀದಿಯವರೆಲ್ಲ ನೋಡಲು ಬಂದರು. ಜಪಾನ್ ಸಾಮಾನು ಎಂದರೆ ಜಾತ್ರೆಯಲ್ಲಿ ಸಿಗುವ ತಗಡಿನ ಆಟಿಕೆ ಎಂದೇ ಜನ ತಿಳಿದಿದ್ದ ದಿನಗಳು. "ಕೀಲಿ ಕೊಟ್ರೆ ಎಷ್ಟು ದೂರ ಓಡುತ್ತೆ ಮಾಸ್ತರೇ?" ಎಂದು ಎದುರು ಮನೆಯವರು ಕೇಳಿಯೇ ಬಿಟ್ಟರು. ಗುರುಮಲ್ಲಪ್ಪನವರಿಗೆ ಮೈ ಉರಿಯಿತು. ಜಪಾನ್ ಸಾಹೇಬರಿಂದ ಕೇಳಿ ತಿಳಿದಿದ್ದ ಚರಿತ್ರೆಯನ್ನು ಅಲ್ಲೇ ಬಿಚ್ಚಿದರು.

"ಈ ಕಂಪನಿಯ ಮೂಲಪುರುಷ ಯಾರು ಗೊತ್ತೇನ್ರೀ? ಮಗ್ಗ ಮಾಡೋನು! ಒಂದು ನೂಲು ಹರಿದ್ರೂ ತಾನೇ ತಾನಾಗಿ ನಿಲ್ಲೋ ಮಗ್ಗ ಕಂಡುಹಿಡಿದ ಮಹಾನುಭಾವ! ಇಂಗ್ಲೆಂಡಿನವರೇ ಬಂದು ಅದರ ಹಕ್ಕು ಕೊಂಡ್ಕೊಂಡು ಹೋದ್ರು. ಅಪ್ಪ ಮಗ್ಗ ಮಾಡ್ದ, ಮಗ ಕಾರು ಮಾಡ್ದ. ಮನೆತನದ ಹೆಸರು ಟೊಯೋಡಾ. ಕಾರಿಗೆ ಟೊಯೋಟಾ ಅಂತಿಟ್ರು. ಹಾಗೆ ಬರೆದರೆ ಅವರ ಲಿಪಿಯಲ್ಲಿ ಎಂಟೇ ಗೆರೆ ಆಗುತ್ತಂತೆ, ಎಂಟು ಅಂದ್ರೆ ಅವರಿಗೆ ಶುಭ!"

"ಟೊಯೋಟಾನೋ, ಊಟಾನೋ! ಸಾರು ಆರ್ತಾ ಇದೆ, ಒಳಗೆ ಬನ್ನಿ," ಎಂದು ದಾಕ್ಷಾಯಣಮ್ಮ ಆ ಚರಿತ್ರೆಗೆ ಮಂಗಳ ಹಾಡಿದ್ದರು.

ಆದರೆ ಗುರುಮಲ್ಲಪ್ಪನವರ ತರ್ಕ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ಮಗ್ಗ ಮಾಡುವವನು ಕಾರು ಮಾಡಬಹುದಾದರೆ, ಮಗ್ಗ ರಿಪೇರಿ ಮಾಡುವವನು ಕಾರು ರಿಪೇರಿ ಮಾಡಬಾರದೇಕೆ? ಬೆಳಗಿನ ಘೋಷಣೆಯ ಬೇರು ಇದ್ದದ್ದು ಇಲ್ಲಿ.

ಎಂಟೂವರೆಗೆ ಸವಾರಿ ಹೊರಟಿತು. ಹಿಂದಿನ ಸೀಟಿನಲ್ಲಿ ಹೊಸ ರೇಷ್ಮೆ ಸೀರೆಯುಟ್ಟ ದಾಕ್ಷಾಯಣಮ್ಮ, ತಾಮ್ರದ ಕಲಶ, ಹತ್ತು ಮೊಳ ಮಲ್ಲಿಗೆ. ಮುಂದಿನ ಸೀಟಿನಲ್ಲಿ ದಾಕ್ಷಾಯಣಮ್ಮನ ಸೋದರತ್ತೆ ಗಿರಿಜಾಂಬಾ. ಎಪ್ಪತ್ತೆರಡು ವರ್ಷ, ಎರಡು ಮಂಡಿಯಲ್ಲೂ ವಾಯು, ನಡೆಯಲು ಕೋಲು ಬೇಕು. ವೈಶಾಖದಲ್ಲೂ ಉಣ್ಣೆಯ ಶಾಲು ಹೊದೆಯುವ ಜೀವ. ಮೈಸೂರು ಪಾಕಿನ ಡಬ್ಬಿ ಅಲುಗಾಡಬಾರದೆಂದು ಅದನ್ನು ಆಕೆಯ ಕಾಲಬುಡದಲ್ಲೇ ಭದ್ರವಾಗಿ ಇಟ್ಟಿದ್ದರು.

ಕಾರು ಊರು ದಾಟುತ್ತಲೂ ಗಿರಿಜಾಂಬಾ ಕೇಳಿದರು. "ಅಳಿಯಂದ್ರೇ, ಇಷ್ಟೊಂದು ಗುಂಡಿಗಳಿವೆಯಲ್ಲ, ಯಾವುದು ಯಾವುದಕ್ಕೆ ಅಂತ ನಿಮಗೆ ಗೊತ್ತಾ?"

ಕೇಳಬಾರದ ಪ್ರಶ್ನೆ! "ಗೊತ್ತಾ ಅಂದ್ರೇನತ್ತೆ! ಇದು ದೀಪ. ಇದು ಗಾಜು ಒರೆಸೋದು. ಇನ್ನು ಇದು..." ಗುರುಮಲ್ಲಪ್ಪನವರ ಬೆರಳು ಒಂದು ಗುಂಡಿಯ ಮೇಲೆ ತಡೆಯಿತು. ಅದರ ಕೆಳಗೊಂದು ಜಪಾನೀ ಅಕ್ಷರ, ಮನೆಯ ಮಾಡಿನ ಕೆಳಗೆ ಯಾರೋ ಕಾಲು ಚಾಚಿ ಕುಳಿತ ಹಾಗೆ. ತಡೆದದ್ದು ಅರೆಗಳಿಗೆ ಮಾತ್ರ. "ಇದು ಇಂಜಿನ್ನಿನ ಬಲ ಹೆಚ್ಚಿಸೋದು!" ಎಂದು ಎಳೆದೇ ಬಿಟ್ಟರು.

ಒಳಗೆಲ್ಲೋ ಸುಯ್ಯೆಂದು ಸದ್ದಾಯಿತು. "ಕೇಳಿದ್ರಾ, ಬಲ ಬಂತು!"

ಎರಡು ಮೈಲಿ ಹೋಗುವಷ್ಟರಲ್ಲಿ ಬಲದ ಜೊತೆಗೆ ಬೆವರೂ ಬಂತು. ಮೊದಲು ಹಣೆಯ ವಿಭೂತಿ ಕರಗಿತು. ಆಮೇಲೆ ಜುಬ್ಬ ಬೆನ್ನಿಗೆ ಅಂಟಿತು. ನಾಲ್ಕು ಕಿಟಕಿ ಇಳಿಸಿದರೂ ಹೊರಗಿನದು ವೈಶಾಖದ ಗಾಳಿ, ಒಳಗಿನದು ಕುಲುಮೆಯ ಗಾಳಿ. ಎರಡೂ ಕಲೆತು ಗುರುಮಲ್ಲಪ್ಪನವರನ್ನು ಬೇಯಿಸಿದವು.

"ರೀ, ಏನೋ ಉರೀತಾ ಇದೆ. ಕಾರು ನಿಲ್ಸಿ!"

"ನಿಲ್ಸೋದು ಯಾಕೆ? ನೂಲು ಹರಿದ್ರೆ ತಾನೇ ನಿಲ್ಲೋ ವಂಶದ ಕಾರು ಇದು. ಓಡ್ತಾ ಇದೆ ಅಂದ್ರೆ ಸರಿಯಾಗಿದೆ ಅಂತಲೇ ಅರ್ಥ!"

"ಮಲ್ಲಿಗೆ ಬಾಡಿ ಮೆಂತ್ಯದ ಸೊಪ್ಪಾಯ್ತು ಕಣ್ರೀ!"

ಗಿರಿಜಾಂಬಾ ಒಬ್ಬರು ಮಾತ್ರ ಶಾಲು ಸರಿಸಿ, ಕಣ್ಣು ಮುಚ್ಚಿ, ಕಾಲು ನೀಡಿ ಕುಳಿತಿದ್ದರು. "ಬಲು ಹಿತವಾಗಿದೆ ಅಳಿಯಂದ್ರೇ," ಎಂದು ಗೊಣಗಿದರು. ಅತ್ತೆಗೆ ಬಿಸಿಲಿಗೆ ತಲೆ ತಿರುಗಿರಬೇಕೆಂದು ಗಂಡ ಹೆಂಡತಿ ಇಬ್ಬರೂ ಹೆದರಿದರು.

ಇಲವಾಲ ಬಂತು. ಅಷ್ಟರಲ್ಲಿ ವಂಶದ ಮೇಲಿನ ನಂಬಿಕೆಯೂ ಬೆವರಿನಲ್ಲಿ ಕೊಚ್ಚಿಕೊಂಡು ಹೋಗಿತ್ತು. ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಗುರುಮಲ್ಲಪ್ಪನವರು ಬಾನೆಟ್ಟನ್ನು ಪರರ ಕೈಯಿಲ್ಲದೆ ತಾವೇ ಎತ್ತಿದರು. ಇಂಜಿನ್ ನಿಲ್ಲಿಸಿದೊಡನೆ ಬಿಸಿಗಾಳಿ ನಿಂತಿತು. "ನೋಡು, ಬಾನೆಟ್ಟು ಎತ್ತಿದ್ದೇ ತಡ!" ಎಂದರು. ಮತ್ತೆ ಇಂಜಿನ್ ಶುರು ಮಾಡಿದರು. ಬಿಸಿಗಾಳಿಯೂ ಶುರುವಾಯಿತು!

ನೀರು ಕಡಿಮೆಯಾಗಿರಬೇಕೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎನ್ನುವುದು ಆ ಪುಸ್ತಕದಲ್ಲಿ ಖಂಡಿತ ಇದ್ದಿರಬೇಕು. ಜಪಾನೀ ಭಾಷೆಯಲ್ಲಿ! ಬುಸ್ಸೆಂದು ಎದ್ದ ಆವಿಗೆ ಗುರುಮಲ್ಲಪ್ಪನವರು ಮೂರು ಮಾರು ಹಿಂದಕ್ಕೆ ಹಾರಿ ರಸ್ತೆಯಂಚಿನ ಸಗಣಿಯ ಮೇಲೆ ಪ್ರತಿಷ್ಠಾಪಿತರಾದರು. ಮೈ ಸುಡಲಿಲ್ಲ, ಮಾನ ಮಾತ್ರ ಸ್ವಲ್ಪ ಬೆಂದಿತು.

"ಗಂಟೆ ಹತ್ತು," ಎಂದರು ದಾಕ್ಷಾಯಣಮ್ಮ, ಮರದ ನೆರಳಿನಿಂದ.

"ಬೆಂಕಿ ಹುಟ್ಟೋ ಜಾಗ ಹಿಡಿದ್ರೆ ಮುಗೀತು ಕಣೇ. ಇಗೋ, ಈ ನಾಲ್ಕು ಪ್ಲಗ್ಗು. ಕಿಡಿ ಹಾರೋದು ಇಲ್ಲೇ!" ಎಂದವರೇ ನಾಲ್ಕು ಪ್ಲಗ್ಗಿನ ತಂತಿಗಳನ್ನೂ ಎರಡು ತುದಿಯಿಂದಲೂ ಕಿತ್ತು, ಪ್ಲಗ್ಗುಗಳನ್ನು ಬಿಚ್ಚಿ, ಪಂಚೆಯ ಚುಂಗಿನಿಂದ ಒರೆಸಿ, ಊದಿ, ಮತ್ತೆ ತಿರುಗಿಸಿ ಕೂರಿಸಿದರು. ಆಮೇಲೆ ತಂತಿಗಳನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ನಾಲ್ಕೂ ಒಂದೇ ಥರ! ಯಾವುದು ಎಲ್ಲಿತ್ತೋ ಶಿವನೇ ಬಲ್ಲ. ಗಿರಣಿಯಲ್ಲಿ ಯಾರಾದರೂ ಗುರುತು ಕಟ್ಟದೆ ಒಂದು ಎಳೆ ಬಿಚ್ಚಿದರೆ ಅವರ ಏಳು ತಲೆಮಾರನ್ನು ನೆನೆಯುತ್ತಿದ್ದ ಮಾಸ್ತರು, ಹೊಂಗೆ ಮರದ ಕೆಳಗೆ ಬೆಪ್ಪಾಗಿ ನಿಂತರು.

ತೋಚಿದ ಹಾಗೆ ಸಿಕ್ಕಿಸಿ ಕೀಲಿ ತಿರುಗಿಸಿದರು. ಢಮಾರ್! ಮರದ ಕಾಗೆಗಳೆಲ್ಲ ಹಾರಿದವು. ಬದಲಾಯಿಸಿ ಸಿಕ್ಕಿಸಿದರು. ಡುಬ್! ಇಲವಾಲದ ಅರ್ಧ ಊರು ಬಂದು ಸುತ್ತ ನಿಂತಿತು. ಮೂರನೇ ಸಲ ಸದ್ದೇ ಇಲ್ಲ.

"ನೂಲು ಹರಿದ್ರೆ ತಾನೇ ನಿಲ್ಲುತ್ತೆ ಅಂದ್ರಲ್ಲ, ನಿಂತಿತು ನೋಡಿ!" ಎಂದರು ದಾಕ್ಷಾಯಣಮ್ಮ. ಮಾತು ಚುಚ್ಚುವಂತಿದ್ದರೂ ಕಣ್ಣಲ್ಲಿ ನೀರು ತುಂಬಿತ್ತು. ತಂದೆ ತಾಯಿ ಇಲ್ಲದ ಮನೆಯಲ್ಲಿ ತಾವೇ ಎತ್ತಿ ಆಡಿಸಿದ ತಮ್ಮ ಅವನು. ಅವನ ಒಲೆಯ ಮೊದಲ ಹಾಲು ಇನ್ನು ಯಾರದೋ ಕೈಯಲ್ಲಿ ಉಕ್ಕುತ್ತದೆ. ಆ ಕಣ್ಣೀರು ಕಂಡು ಗುರುಮಲ್ಲಪ್ಪನವರು ಸ್ಪ್ಯಾನರ್ ಕೆಳಗಿಟ್ಟರು. ಕಾರೂ ಬೇಡ, ಕೀರ್ತಿಯೂ ಬೇಡ, ಯಾರಾದರೂ ಸರಿ ಬಂದು ಇದನ್ನು ಸರಿಮಾಡಿದರೆ ಸಾಕು ಎನ್ನಿಸಿತು.

ಗುಂಪಿನೊಳಗಿಂದ ಒಬ್ಬ ಮಧ್ಯವಯಸ್ಸಿನ ರೈತ ಮುಂದೆ ಬಂದ. ಹೆಸರು ನಿಂಗಯ್ಯ. ಹೆಗಲ ಮೇಲೆ ಗುದ್ದಲಿ, ತುಟಿಯ ಮೇಲೆ ಅಚ್ಚುಕಟ್ಟಾಗಿ ಕತ್ತರಿಸಿದ ಮೀಸೆ.

"ಏನಾಯ್ತು ಸ್ವಾಮಿ?"

"ಇಂಜಿನ್ನು ಒಳಗೊಳಗೇ ಬೇಯ್ತಿದೆ ಕಣಯ್ಯ. ಬಿಸಿಗಾಳಿ ಕಾಲಿಗೆ ಹೊಡೀತದೆ."

"ಕಾಲಿಗಾ?" ನಿಂಗಯ್ಯ ಗುದ್ದಲಿ ಇಳಿಸಿ ಕಾರಿನೊಳಗೆ ಇಣುಕಿದ. ಎಳೆದಿದ್ದ ಗುಂಡಿಯನ್ನು ನೋಡಿದ. ಮೀಸೆಯ ಕೆಳಗೆ ನಗು ಹರಿಯಿತು. "ನಾನು ಮಿಲಿಟರೀಲಿ ಗಾಡಿ ಓಡುಸ್ತಿದ್ದೆ ಸ್ವಾಮಿ, ಕಾಶ್ಮೀರದ ಕಡೆ. ಅಲ್ಲಿ ಮಂಜು ಬೀಳೋವಾಗ ಆಫೀಸರ್ ಗಾಡೀಲಿ ಇಂಗೇ ಬತ್ತಿತ್ತು, ಚಳಿ ಕಾಯಿಸ್ಕೊಳ್ಳಾಕೆ. ಜಪಾನ್ನಲ್ಲೂ ಚಳಿ ಜಾಸ್ತಿ ಅಲ್ವರಾ? ಇಂಜಿನ್ನು ಬೇಯ್ತಾ ಇಲ್ಲ ಸ್ವಾಮಿ, ಚಿನ್ನದಂಗದೆ. ಒಲೆ ಅಚ್ಚಿದೋರು ನೀವೇಯ!"

ಎಂದವನೇ ಗುಂಡಿಯನ್ನು ಒಂದೇ ಬೆರಳಲ್ಲಿ ಒಳಕ್ಕೆ ಒತ್ತಿದ. ಆಮೇಲೆ ಬಾನೆಟ್ಟಿನ ಕಡೆ ಬಂದು, "ಮೊದ್ಲನೇದು, ಮೂರ್ನೇದು, ನಾಕ್ನೇದು, ಎರಡ್ನೇದು" ಎಂದು ಮಗ್ಗಿ ಹೇಳಿದಷ್ಟು ಸಲೀಸಾಗಿ ತಂತಿಗಳನ್ನು ಸಿಕ್ಕಿಸಿದ. ಬಾವಿಯಿಂದ ನೀರು ತಂದು ನಿಧಾನವಾಗಿ ರೇಡಿಯೇಟರಿಗೆ ಹುಯ್ದ. ಕೀಲಿ ತಿರುಗಿಸಿದೊಡನೆ ಇಂಜಿನ್ನು ಮೆತ್ತಗೆ ಗುನುಗಿತು. ಗುರುಮಲ್ಲಪ್ಪನವರು ಕೈಮುಗಿದರು. ಊರವರು ಚಪ್ಪಾಳೆ ತಟ್ಟಿದರು, ಯಾರಿಗೆಂದು ಬೇರೆ ಹೇಳಬೇಕಿಲ್ಲ.

"ಬೋ ಒಳ್ಳೇ ಗಾಡಿ ಸ್ವಾಮಿ," ಎಂದ ನಿಂಗಯ್ಯ ಬೀಳ್ಕೊಡುತ್ತಾ. "ಇದ್ರ ಪಾಡಿಗೆ ಇದನ್ನ ಬುಟ್ಬುಡಿ, ಬಾಳ್ಕತದೆ."

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಕಾರು ಹುಣಸೂರಿನ ಹೊಸಮನೆಯ ಚಪ್ಪರದ ಮುಂದೆ ನಿಂತಿತು. ನಾದಿನಿ ಆಗಲೇ ಸೆರಗು ಸಿಕ್ಕಿಸಿ ಹಾಲಿನ ಪಾತ್ರೆಗೆ ಕೈ ಹಾಕಿದ್ದಳು. ದಾಕ್ಷಾಯಣಮ್ಮ ಕಾರಿನಿಂದ ಇಳಿದರೋ ಹಾರಿದರೋ ಯಾರಿಗೂ ಕಾಣಲಿಲ್ಲ. ಕಂಡದ್ದು, ಒಲೆಯ ಮುಂದೆ ಅವರು ಕೂತಿದ್ದು ಮತ್ತು ಹಾಲು ನಾಲ್ಕು ಕಡೆಗೂ ತುಂಬಿ ಉಕ್ಕಿದ್ದು. ತಮ್ಮ ಮಹದೇವಯ್ಯ ಅಕ್ಕನ ಕಾಲಿಗೆ ಎರಗಿದ. ಆಮೇಲೆ ಮೈಸೂರು ಪಾಕಿನ ಡಬ್ಬಿ ತೆರೆದ. ಕರಗಿ, ಹೆಪ್ಪುಗಟ್ಟಿ, ಎಂಬತ್ತು ತುಂಡುಗಳು ಸೇರಿ ಒಂದೇ ಗಟ್ಟಿಯಾಗಿದ್ದವು.

"ಮನೆ ಕಟ್ಟಿ ಮುಗೀತಲ್ಲಕ್ಕಾ, ಇಟ್ಟಿಗೆ ಯಾಕೆ ತರೋಕೆ ಹೋದೆ?" ಎಂದ.

ಊಟವಾದ ಮೇಲೆ ಕಾರಿನ ಸುತ್ತ ಜನ ಸೇರಿದರು. ಗುರುಮಲ್ಲಪ್ಪನವರಿಗೆ ಜೀವ ಬಂತು. ಇಲವಾಲವನ್ನು ನಾಜೂಕಾಗಿ ದಾಟಿ, "ಇದರೊಳಗೆ ಬಿಸಿಗಾಳಿಯ ಯಂತ್ರ ಕೂಡ ಇದೆ. ದಾರಿಯುದ್ದಕ್ಕೂ ಪರೀಕ್ಷೆ ಮಾಡ್ತಾ ಬಂದೆ" ಎಂದು ಶುರು ಮಾಡಿದರು.

"ಪರೀಕ್ಷೆ ಏನು ಬಂತು, ಪವಾಡ ಅನ್ನಿ!" ಚಪ್ಪರದೊಳಗಿಂದ ಗಿರಿಜಾಂಬಾ ಕೂಗಿದರು. ಕೋಲಿಲ್ಲದೆ ನಡೆದು ಬರುತ್ತಿದ್ದರು! "ಏಳು ವರ್ಷದ ಮಂಡಿನೋವು ಇಲವಾಲ ಸೇರೋ ಹೊತ್ತಿಗೆ ಇಳಿದಿತ್ತು ಕಣ್ರಮ್ಮಾ! ಯಾವನೋ ಮಿಲಿಟರಿಯವನು ಬಂದು ಕೆಡಿಸಿಬಿಟ್ಟ. ಇಲ್ದಿದ್ರೆ ಹುಣಸೂರಿಗೆ ನಾನೇ ಓಡಿ ಬರ್ತಿದ್ದೆ. ಅಳಿಯಂದ್ರೇ, ಆ ಗುಂಡಿ ಇನ್ನೊಂದು ಸಲ ಎಳೀರಿ!"

ಸುತ್ತ ನಿಂತಿದ್ದ ಗಂಡಸರ ಗುಂಪು ಕ್ಷಣದಲ್ಲಿ ಚದುರಿ, ಆ ಜಾಗದಲ್ಲಿ ಮಂಡಿ ಹಿಡಿದುಕೊಂಡ ಅಜ್ಜಿಯರ ಸಾಲು ನಿಂತಿತು. ಮುಂದೆ ಇಬ್ಬರು, ಹಿಂದೆ ನಾಲ್ವರು. ಗುರುಮಲ್ಲಪ್ಪನವರು ಹೆಂಡತಿಯ ಕಡೆ ದೀನವಾಗಿ ನೋಡಿದರು. ದಾಕ್ಷಾಯಣಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದರು. "ಹೋಗಿ ಬನ್ನಿ, ಪುಣ್ಯ ಬರುತ್ತೆ."

ವೈಶಾಖದ ಮಧ್ಯಾಹ್ನ ಮೂರು ಗಂಟೆ. ಹುಣಸೂರಿನ ಬೀದಿಗಳಲ್ಲಿ ಜಪಾನ್ ಶಾಖ ಸುತ್ತತೊಡಗಿತು. ಮೂರನೇ ತಂಡ ಹತ್ತಿದಾಗ ಗುರುಮಲ್ಲಪ್ಪನವರ ಜುಬ್ಬ ಕಳಚಿ ಬನಿಯನ್ ಮಾತ್ರ ಉಳಿದಿತ್ತು, ತಲೆಗೆ ಒದ್ದೆ ಟವಲ್ಲು ಏರಿತ್ತು. ಉಸಿರಾಡಲೆಂದು ತಮ್ಮ ಪಕ್ಕದ ಕಿಟಕಿಯನ್ನು ಒಂದು ಅಂಗುಲ ಇಳಿಸಿದ್ದರು. ಹಿಂದಿನ ಸೀಟಿನಿಂದ, ಅವರೆಂದೂ ಕಂಡಿರದ ಒಬ್ಬ ಅಜ್ಜಿ ಕೈ ಚಾಚಿ ಭುಜ ತಿವಿದರು.

"ಏನಪ್ಪಾ ಡ್ರೈವರ್, ಕಿಟಕಿ ಮುಚ್ಚು. ಶಾಖವೆಲ್ಲ ಹೊರಗೆ ಹೋಗ್ತದೆ."

ಗುರುಮಲ್ಲಪ್ಪನವರು ಮುಚ್ಚಿದರು.

"ಯಾರ ಮನೇಲಿ ಕೆಲಸಕ್ಕಿದ್ದೀಯಪ್ಪಾ?"

ಗುರುಮಲ್ಲಪ್ಪನವರು ಹಣೆಯ ಬೆವರೊರೆಸಿ, ನಿಜವನ್ನೇ ಹೇಳಿದರು. "ಚಾಮರಾಜಪುರಂನ ದಾಕ್ಷಾಯಣಮ್ಮನವರ ಮನೇಲಮ್ಮಾ."

"ಹೊಸಮನೇಲಿ ಹಾಲು ಉಕ್ಕಿಸಿದರಲ್ಲ, ಅವರಾ? ಬಲು ಒಳ್ಳೇ ಹೆಂಗಸು," ಎಂದರು ಅಜ್ಜಿ, ಕಾಲು ಇನ್ನಷ್ಟು ನೀಡಿ. "ಎಷ್ಟೇ ಬೈಯ್ಲಿ, ಕೆಲಸ ಮಾತ್ರ ಬಿಡಬೇಡ ಕಣಪ್ಪಾ. ನಿನ್ನಂಥೋನನ್ನ ಬೇರೆ ಯಾರೂ ಇಟ್ಕೊಳ್ಳಲ್ಲ!"