ಓದುವ ಕೋಣೆಯೊಳಗಿನ ಮುಳ್ಳುಬೇಲಿ

ಇಂದ: ವರ್ನಾ ಕೋಲ್‌ಸ್ಟಡ್, ಗ್ರಂಥಪಾಲಕಿ (ಸಂಬಳವಿಲ್ಲದ), ಡ್ರೈ ವಿಲೋ, ದಕ್ಷಿಣ ಡಕೋಟಾ

ಗೆ: ಅರ್ಹತಾ ಪರಿಶೀಲಕರು, ಶಾಲೆ ಮತ್ತು ಗ್ರಂಥಾಲಯಗಳ ಇಂಟರ್ನೆಟ್ ರಿಯಾಯಿತಿ ನಿಧಿ

ವಿಷಯ: ನಮ್ಮ ಗ್ರಂಥಾಲಯವು ಗ್ರಂಥಾಲಯವಲ್ಲವೆಂದು ತಾವು ಕಂಡುಹಿಡಿದಿರುವ ಕುರಿತು

ಉಲ್ಲೇಖ: ತಮ್ಮ ನಿರಾಕರಣೆ ಪತ್ರ

ಮಾನ್ಯರೇ,

ಹಿಮ ಕರಗಿ, ಹಸುಗಳು ಕರು ಹಾಕುತ್ತಿರುವ ಕಾಲ. ಕೊಟ್ಟಿಗೆಯಲ್ಲಿ ಕೂತೇ ಬರೆಯುತ್ತಿದ್ದೇನೆ. ಕಾಗದದ ಮೇಲಿನ ಕಲೆಗಳನ್ನು ಮನ್ನಿಸುವುದು.

1. ನಮ್ಮಲ್ಲಿ ಶಾಲೆಗೂ ಗ್ರಂಥಾಲಯಕ್ಕೂ ಇರುವುದು ಒಂದೇ ಕೋಣೆ. ಬೀಜಗಣಿತ ಕಲಿಸುವವರು ಊರಿನಲ್ಲಿಲ್ಲದ ಕಾರಣ, ಟ್ರೆಸ್ಸಾ ಹ್ರುಸ್ಕಾ ಎಂಬ ಹುಡುಗಿ ಗ್ರಂಥಾಲಯದ ಪರದೆಯ ಮುಂದೆ ಕೂತು ದೂರದ ಮೇಷ್ಟರಿಂದ ಕಲಿಯುತ್ತಿದ್ದಳು. ಮೇ ತಿಂಗಳಲ್ಲಿ ಪರೀಕ್ಷೆ.

2. ರಿಯಾಯಿತಿ ಬೇಕಿದ್ದರೆ ಎರಡರ ನಡುವೆ 'ಕಣ್ಣಿಗೆ ಕಾಣುವ ಶಾಶ್ವತ ಗಡಿ' ಇರಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ. ಆದ್ದರಿಂದ ನಮಗೆ ಗೊತ್ತಿರುವ ಗಡಿಯನ್ನೇ ಹಾಕಿದೆವು: ಮರದ ಕಂಬ, ನಾಲ್ಕೆಳೆ ಮುಳ್ಳುತಂತಿ.

3. ಇಲ್ಲಿನ ಪದ್ಧತಿಯಂತೆ ನೆರೆಯವರಿಬ್ಬರು ಬೇಲಿಯ ನಟ್ಟನಡುವೆ ಎದುರುಬದುರು ನಿಲ್ಲುತ್ತಾರೆ. ಅವರವರ ಬಲಗೈ ಕಡೆಯ ಅರ್ಧ ಅವರವರ ಜವಾಬ್ದಾರಿ. ನಾನೂ ಶಿಕ್ಷಕಿ ಲವಾನ್ ಬ್ರೆಕ್ಕೆಯೂ ಹಾಗೇ ನಿಂತೆವು.

"ಚಳಿ ಕಾಯಿಸ್ಕೊಳ್ಳೋ ಒಲೆ ನಿನ್ ಕಡೆಗೇ ಬಂತಲ್ಲೇ, ಪುಣ್ಯಾತ್ಗಿತ್ತಿ!" ಎಂದಳು ಲವಾನ್.

"ಕಿಟಕಿ ನಿಂಗೆ ಸಿಕ್ಕಿಲ್ವಾ? ಸುಮ್ನೆ ಮೊಳೆ ಹೊಡಿ," ಎಂದೆ.

4. ತಮ್ಮ ಅಧಿಕಾರಿ ಬಂದು ಬೇಲಿ ಯಾರದೆಂದು ಕೇಳಿದರು.

"ಅರ್ಧ ನಂದು, ಅರ್ಧ ಅವಳ್ದು ಸ್ವಾಮಿ," ಎಂದೆ.

ಅವರ ಮುಖ ಅರಳಿತು. ಬೇಲಿಯಲ್ಲಿ ಶಾಲೆಗೆ ಪಾಲಿರುವ ಕಾರಣ, ಪಾಲಿರುವುದು ಸ್ವತಂತ್ರವಲ್ಲದ ಕಾರಣ, ಸ್ವತಂತ್ರವಲ್ಲದ್ದು ಗ್ರಂಥಾಲಯವಲ್ಲದ ಕಾರಣ, ಅನರ್ಹವೆಂದು ಬರೆದರು. ಕಪಾಟಿನ ತುಂಬ ಇದ್ದ ಪುಸ್ತಕಗಳ ಕಡೆ ತಿರುಗಿಯೂ ನೋಡಲಿಲ್ಲ. ರಿಯಾಯಿತಿಯಿಲ್ಲದೆ ಬಿಲ್ಲು ಕಟ್ಟಲಾಗದೆ ಮರುವಾರ ಇಂಟರ್ನೆಟ್ ಸಂಪರ್ಕ ಕಡಿದುಹೋಯಿತು. ಟ್ರೆಸ್ಸಾಳ ಪಾಠ ಅರ್ಧ ಲೆಕ್ಕದಲ್ಲೇ ನಿಂತಿದೆ.

5. ಅಂದು ಹಿಂತಿರುಗುವಾಗ ಅವರ ಕಾರು ಜಿಗುಟು ಮಣ್ಣಿನಲ್ಲಿ ಹೂತಿತು. ಟ್ರೆಸ್ಸಾಳ ಅಪ್ಪ ಓಟಿಸ್, ಕರು ಹಾಕಲು ತಿಣುಕುತ್ತಿದ್ದ ಹಸುವನ್ನು ಬಿಟ್ಟು ಟ್ರ್ಯಾಕ್ಟರ್ ತಂದ.

"ಈ ಟ್ರ್ಯಾಕ್ಟರ್‌ನಾಗೆ ನಮ್ ಭಾವಂದೂ ಅರ್ಧ ಪಾಲೈತೆ ಸಾಹೇಬ್ರೆ. ಎಳೀಬೋದಾ, ಇಲ್ಲಾ ನಾನೂ ಅನರ್ಹನಾ?"

"ಬೇಗ ಎಳಿಯಪ್ಪಾ!" ಎಂದರು ಅಧಿಕಾರಿಗಳು.

ಇಲ್ಲಿ ಕೆಸರಿನಿಂದ ಎಳೆಸಿಕೊಂಡವರು ಒಂದು ದಿನದ ಕೆಲಸ ಮಾಡಿಕೊಟ್ಟು ಋಣ ತೀರಿಸುತ್ತಾರೆ. ತಮ್ಮ ಅಧಿಕಾರಿಯದು ಬಾಕಿ ಇದೆ. ಆದ್ದರಿಂದ, ನಿಧಿಯ ಮಾತು ಹಾಗಿರಲಿ, ಪರೀಕ್ಷೆಗೆ ಮುಂಚೆ ಅವರನ್ನು ಬೀಜಗಣಿತ ಕಲಿಸಲು ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ವರ್ನಾ ಕೋಲ್‌ಸ್ಟಡ್

ಲಗತ್ತುಗಳು: ಬೇಲಿಯ ಫೋಟೋ; ಟ್ರೆಸ್ಸಾ ಅರ್ಧಕ್ಕೆ ಬಿಟ್ಟ ಲೆಕ್ಕ.

ವಿ.ಸೂ.: ಬೀಜಗಣಿತ ಬಾರದಿದ್ದರೂ ಕಳುಹಿಸಿ. ಸಗಣಿ ಎತ್ತುವ ಕೆಲಸಕ್ಕೆ ಓಟಿಸ್ ಅರ್ಹತೆ ಕೇಳುವುದಿಲ್ಲ.