ಕಡಲ್ಗಳ್ಳ ಚಿಕ್ಕಪ್ಪನ ಕರಿಮೂಲೆ ಕಾರ್ಡು

ನನ್ನ ಚಿಕ್ಕಪ್ಪ ಮೂವರಿಗೆ ಮರಣದಂಡನೆ ವಿಧಿಸಿದ ಮನುಷ್ಯ. ಹೆದರಬೇಡಿ! ಮೂವರೂ ಆಮೇಲೆ ಬಹುಕಾಲ ಗಟ್ಟಿಮುಟ್ಟಾಗಿ ಬದುಕಿದರು. ಅವರಲ್ಲೊಬ್ಬರಂತೂ ಶಿಕ್ಷೆಯಾದ ದಿನವೇ ಚಿಕ್ಕಪ್ಪನಿಗೆ ಬೇಸನ್ ಲಾಡು ತಿನ್ನಿಸಿದರು. ಇಂಥ ನ್ಯಾಯಾಧೀಶನನ್ನು ನೀವು ಬೇರೆ ಎಲ್ಲಾದರೂ ಕಂಡಿದ್ದೀರಾ?

ಇದು ಐವತ್ತರ ದಶಕದ ಮಾತು. ನಾವು ದಾದರಿನ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿದ್ದೆವು. ಒಂದೇ ಖೋಲಿ. ಒಳಗೆ ಅಪ್ಪ, ಅಮ್ಮ, ಅಕ್ಕ ಮತ್ತು ನಾನು. ಹೊರಗಿನ ಗ್ಯಾಲರಿಯಲ್ಲಿ ಒಂದು ಚಾಪೆ, ಒಂದು ಟ್ರಂಕು ಮತ್ತು ಚಿಕ್ಕಪ್ಪ. ಅಪ್ಪನ ತಮ್ಮ, ಬ್ರಹ್ಮಚಾರಿ, ಬಟ್ಟೆ ಗಿರಣಿಯೊಂದರ ಸ್ಟೋರಿನಲ್ಲಿ ಗುಮಾಸ್ತ. ಆ ಟ್ರಂಕಿನ ತುಂಬ ಫೋರ್ಟಿನ ಫುಟ್‌ಪಾತಿನಿಂದ ತಂದ ಹಳೆಯ ಇಂಗ್ಲಿಷ್ ಕಾದಂಬರಿಗಳಿದ್ದವು. ಎಲ್ಲವೂ ಕಡಲ್ಗಳ್ಳರ ಕಥೆಗಳೇ! ಕಡಲೆಂದರೆ ಅವನಿಗೆ ಅಷ್ಟು ಪ್ರೀತಿಯೇ ಎಂದು ಕೇಳಬೇಡಿ. ಊರಿನಿಂದ ಮುಂಬಯಿಗೆ ಹಡಗಿನಲ್ಲಿ ಬಂದಾಗ ಈ ಶೂರ ಹತ್ತಿದಲ್ಲಿಂದ ಇಳಿಯುವವರೆಗೆ ವಾಂತಿ ಮಾಡಿದ್ದನಂತೆ. ಆಮೇಲೆ ಚೌಪಾಟಿಯ ನೀರಿನಲ್ಲಿ ಕಾಲು ನೆನೆಸಲೂ ಅವನು ಒಪ್ಪುತ್ತಿರಲಿಲ್ಲ.

ಆದರೂ ಬರೆಯುತ್ತಿದ್ದುದು ಕಡಲ್ಗಳ್ಳರ ಬಗ್ಗೆಯೇ. ನಮ್ಮ ಸುತ್ತಮುತ್ತಲಿನ ಕನ್ನಡದವರು ಸೇರಿ ಒಂದು ಕೈಬರಹದ ಮಾಸಪತ್ರಿಕೆ ನಡೆಸುತ್ತಿದ್ದರು. ತಿಂಗಳಿಗೆ ಒಂದೇ ಪ್ರತಿ. ಅದು ಖೋಲಿಯಿಂದ ಖೋಲಿಗೆ ಹೋಗಿ, ಇಂಗು ಒಗ್ಗರಣೆಗಳ ವಾಸನೆ ಹೊತ್ತು ಮರಳುತ್ತಿತ್ತು. ಅದರಲ್ಲಿ ಚಿಕ್ಕಪ್ಪನ ಧಾರಾವಾಹಿ. ಕಡಲ್ಗಳ್ಳರು ತಮ್ಮವನೊಬ್ಬನಿಗೆ ಸಾವಿನ ತೀರ್ಪು ಕೊಡುವ ಘಟ್ಟ ಬಂತು ನೋಡಿ, ಚಿಕ್ಕಪ್ಪನ ಲೇಖನಿ ನಿಂತುಹೋಯಿತು.

"ಇಂಗ್ಲಿಷಿನವರಿಗೆ ತಲೆಬುರುಡೆ ಸಾಕು ಮಗಾ. ನಮ್ಮವರ ಎದೆ ನಡುಗ್ಲಿಕ್ಕೆ ಎಂಥ ತೋರಿಸ್ಬೇಕು?" ಎಂದು ನನ್ನನ್ನು ಕೇಳಿದ. ಹನ್ನೆರಡು ವರ್ಷದ ನಾನೇ ಅವನ ಏಕೈಕ ಶಿಷ್ಯೆ.

ಪರೀಕ್ಷೆ ಮಾಡಿಯೇ ಬಿಡೋಣವೆಂದು ಅಮ್ಮನ ಹಳೆಯ ಕಪ್ಪು ಲಂಗದ ತುಂಡಿನ ಮೇಲೆ ಸುಣ್ಣದಲ್ಲಿ ಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು ಬರೆದು ಗ್ಯಾಲರಿಯ ಕಂಬಕ್ಕೆ ಕಟ್ಟಿದೆವು. ಬೆಳಿಗ್ಗೆ ಪಕ್ಕದ ಖೋಲಿಯ ಕುಲಕರ್ಣಿಬಾಯಿ ಕೊಡ ಹಿಡಿದು ಹೊರಗೆ ಬಂದರು, ನೋಡಿದರು, ಮುಖ ಅರಳಿತು. "ಅಯ್ಯಾ! ಆಪಲ್ಯಾ ಚಾಳೀತ ವೀಜ ಆಲೀ ಕಾ ಹೋ?" ನಮ್ಮ ಚಾಳಿಗೆ ಕರೆಂಟು ಬಂತೇ ಎಂದು ಕೇಳಿದ್ದು! ಪಾಪ, ವಿದ್ಯುತ್ ಕಂಬದ ಮೇಲಲ್ಲದೆ ಅವರು ಬುರುಡೆಯನ್ನು ಇನ್ನೆಲ್ಲಿ ನೋಡಿರಬೇಕು? ಸಂಜೆಯೊಳಗೆ ಇಡೀ ಮಾಳಿಗೆ ದೀಪ ಯಾವಾಗ ಹತ್ತುತ್ತದೆಂದು ಕೇಳುತ್ತಿತ್ತು. ಸಾವಿನ ಸಂಕೇತಕ್ಕೆ ಇಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಾರರು.

ಚಿಕ್ಕಪ್ಪ ಎರಡು ದಿನ ಮಂಕಾಗಿ ಕೂತ. ಮೂರನೆಯ ದಿನ ಎದ್ದು ಕೂತ. ನಮ್ಮ ಕಡೆ ಶುಭದ ಕಾಗದವಾದರೆ ನಾಲ್ಕು ಮೂಲೆಗೆ ಅರಸಿನ. ಸಾವಿನ ಸುದ್ದಿಯಾದರೆ ಕಾರ್ಡಿನ ಒಂದು ಮೂಲೆಗೆ ಕಪ್ಪು ಮಸಿ. ಆ ಕರಿಮೂಲೆ ಕಂಡೊಡನೆ ಯಾರೂ ಅದನ್ನು ಮನೆಯೊಳಗೆ ತರುವುದಿಲ್ಲ. ಹೊರಗೇ ಓದಿ, ಹರಿದು, ಸ್ನಾನ ಮಾಡಿಯೇ ಒಳಗೆ ಬರಬೇಕು. ಇದಕ್ಕಿಂತ ದೊಡ್ಡ ತಲೆಬುರುಡೆ ಯಾವುದು? ಹೀಗೆ ಅವನ ಧಾರಾವಾಹಿಯಲ್ಲಿ ಕರಿಮೂಲೆ ಕಪ್ತಾನ ಹುಟ್ಟಿದ. ಅವನು ಅಪರಾಧಿಗಳಿಗೆ ಕರಿಮೂಲೆಯ ಕಾರ್ಡು ಕಳಿಸುತ್ತಾನೆ. ಅದಕ್ಕೊಂದು ನಿಯಮವೂ ಇತ್ತು: ಕಾರ್ಡು ಯಾರ ಹೆಸರಿಗೇ ಇರಲಿ, ಮೊದಲು ಓದಿದವನ ಪಾಲಿಗೇ ಶಾಪ.

ಕಥೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು! ಚಿಕ್ಕಪ್ಪ ಅದನ್ನು ದಾದರಿನ ಅಂಚೆಪೆಟ್ಟಿಗೆಗೂ ಹಾಕಿದ. ಮೂಲೆಯನ್ನು ಮಸಿಯಲ್ಲಿ ಅದ್ದುವ ಅಧಿಕಾರ ನನ್ನದು.

ಮೊದಲ ಅಪರಾಧಿ ಕೆಳಗಿನ ಉಡುಪಿ ಹೋಟೆಲಿನ ರಾಯರು. ಕರಿಮೂಲೆ ಕಂಡದ್ದೇ ರಾಯರು ಗಲ್ಲಾ ಬಿಟ್ಟೆದ್ದು ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಹೋಟೆಲಿನ ಹಿಂಬಾಗಿಲಲ್ಲಿ ಕೂತರು. ಕಾರ್ಡು ಓದಲು ಧೈರ್ಯ ಸಾಲದೆ ಪುರೋಹಿತ ಭಟ್ಟರನ್ನು ಕರೆಸಿದರು. ಭಟ್ಟರು ಗಂಟಲು ಸರಿಮಾಡಿಕೊಂಡು ಓದಿದರು: "ಅಪರಾಧಿಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಸಾಂಬಾರಿನಲ್ಲಿ ಬೇಳೆ ಹುಡುಕಲು ಹೋದ ಗಿರಾಕಿಗಳು ಇನ್ನೂ ಮರಳಿಲ್ಲ. ಏಳು ದಿನದೊಳಗೆ ಬೇಳೆ ಹಾಕತಕ್ಕದ್ದು. ತಪ್ಪಿದಲ್ಲಿ ಕಡಲು ತಮ್ಮನ್ನು ನುಂಗುವುದು."

ರಾಯರಿಗೆ ಅರ್ಥವಾಗಲಿಲ್ಲ. "ಹಾಗಾದ್ರೆ ತೀರಿಹೋದದ್ದು ಯಾರು ಭಟ್ರೇ?"

"ಬೇಳೆ."

"ಅದಕ್ಕೆ ಸೂತಕ ಉಂಟಾ?"

"ಬೇಳೆ ಹೋಗಿ ವರ್ಷ ಆಯ್ತು ರಾಯರೇ. ಆದ್ರೆ ನಿಮ್ಮ ಕಿವಿಗೆ ಬಿದ್ದದ್ದು ಇವತ್ತು. ಸೂತಕ ಕೇಳಿದವನಿಗೆ ಮಾತ್ರ, ಕೇಳದವನಿಗೆ ಇಲ್ಲ. ಸ್ನಾನ ಆಯ್ತಲ್ಲ, ಹೋಗಿ ಬೇಳೆ ಹಾಕಿ!"

ಎರಡನೆಯ ಅಪರಾಧಿ ಕುಲಕರ್ಣಿಬಾಯಿ. ಮಾಳಿಗೆಗೆಲ್ಲ ಇರುವುದು ಒಂದೇ ನಳ. ಅದರ ಕೆಳಗೆ ಅವರು ತಮ್ಮ ಕೊಡಗಳ ಸಂಸಾರವನ್ನೇ ಹೂಡುತ್ತಿದ್ದರು. ಆದರೆ ಅವರಿಗೆ ಯಾವ ಭಾಷೆಯೂ ಓದಲು ಬಾರದೆಂಬುದನ್ನು ಕಪ್ತಾನ ಮರೆತಿದ್ದ! ಕರಿಮೂಲೆ ನೋಡಿ ಊರಲ್ಲಿದ್ದ ಅಣ್ಣನೇ ಹೋದನೆಂದು ಆಕೆ ಎದೆ ಬಡಿದುಕೊಂಡು ಅತ್ತರು. ಅಳುತ್ತ, ಓದುವವರನ್ನು ಹುಡುಕುತ್ತ, ಕೊನೆಗೆ ಕಾರ್ಡು ಹಿಡಿದು ಬಂದದ್ದು ಯಾರ ಬಳಿಗೆ? ಚಿಕ್ಕಪ್ಪನ ಬಳಿಗೇ.

ಅವನ ಮುಖ ಹುಣಿಸೆಹಣ್ಣು ತಿಂದಂತಾಯಿತು. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ತನ್ನ ಮುರುಕು ಮರಾಠಿಯಲ್ಲಿ ಓದಿದ: "ಸಗಳೇ ಸುಖರೂಪ ಆಹೇತ. ಶಾಯೀ ಸಾಂಡಲೀ." ಎಲ್ಲರೂ ಕ್ಷೇಮ, ಮಸಿ ಚೆಲ್ಲಿದೆ ಅಷ್ಟೆ! ಕುಲಕರ್ಣಿಬಾಯಿ ಅವನ ಕೈ ಹಿಡಿದುಕೊಂಡು ಇನ್ನಷ್ಟು ಅತ್ತು, ಲಾಡು ತಂದುಕೊಟ್ಟರು. ಚಿಕ್ಕಪ್ಪ ಅದನ್ನು ಬಹಳ ಕಷ್ಟಪಟ್ಟು ನುಂಗಿದ. ಅಳುವವರ ಎದುರು ಸುಳ್ಳು ಓದುವ ವಿದ್ಯೆ ಅವನಿಗಿದೆಯೆಂದು ನನಗೆ ಗೊತ್ತಾದದ್ದು ಆವತ್ತೇ.

ಅಷ್ಟಕ್ಕೇ ಬುದ್ಧಿ ಬಂತೇ? ಎಲ್ಲಿಯ ಬುದ್ಧಿ! ಮೂರನೆಯ ಅಪರಾಧಿ ಸಾಕ್ಷಾತ್ ನನ್ನ ಅಪ್ಪ. ಅಪರಾಧ: ದೀಪಾವಳಿಯಿಂದೀಚೆಗೆ ಒಮ್ಮೆಯೂ ನಕ್ಕಿಲ್ಲದಿರುವುದು. ಅಪ್ಪ ಚಳಿಯಲ್ಲಿ ಸ್ನಾನ ಮಾಡಿ, ಕಾರ್ಡು ಓದಿ, ನಗಲಿಲ್ಲ.

"ಇನ್ನೊಂದು ಸಲ ಈ ಮನೆ ಬಾಗಿಲಲ್ಲಿ ಕರಿಮೂಲೆ ಕಾರ್ಡು ಕಂಡ್ರೆ ನೀನು ಹೊರಗೆ" ಎಂದರು. ಚಿಕ್ಕಪ್ಪ ಮೊದಲೇ ಗ್ಯಾಲರಿಯಲ್ಲಿ ಮಲಗುವವನು. "ಇದಕ್ಕಿಂತ ಹೊರಗೆ ಎಲ್ಲಿಗೆ ಅಣ್ಣ?" ಎಂದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಅಪ್ಪ ನಗದಿರಲು ಕಾರಣವಿತ್ತು. ಅಕ್ಕನಿಗೆ ಹಿಂದೆ ಒಂದು ಸಂಬಂಧ ಗಟ್ಟಿಯಾಗಿತ್ತು. ಮುಹೂರ್ತಕ್ಕೆ ವಾರವಿದೆ ಎನ್ನುವಾಗ ಊರಲ್ಲಿ ಅಜ್ಜ ತೀರಿಕೊಂಡರು. ಹತ್ತು ದಿನದ ಸೂತಕ, ಮದುವೆ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದದ್ದು ಹೋಗಿಯೇ ಬಿಟ್ಟಿತು. ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಗಂಡಿನವರು ಹಿಂದೆ ಸರಿದರು. ಬಾಯಿಗೆ ಬೀಗ ಉಂಟೇ? ಆ ಮಾತು ಮುಂಬಯಿಯಲ್ಲಿದ್ದ ನಮ್ಮವರ ಮನೆಗಳನ್ನೆಲ್ಲ ಸುತ್ತಿತು. ಮೂರು ವರ್ಷ ಅಕ್ಕ ಯಾರ ಮದುವೆಗೂ ಹೋಗಲಿಲ್ಲ. ಕೊನೆಗೆ ಮುಲುಂಡಿನ ಒಬ್ಬ ಮೇಷ್ಟ್ರು, ಅದೆಲ್ಲ ತಾವು ನಂಬುವುದಿಲ್ಲವೆಂದು ಒಪ್ಪಿದರು. ಅವರು ನಂಬುತ್ತಿರಲಿಲ್ಲ. ಅವರ ತಾಯಿ ನಂಬುತ್ತಿದ್ದರು. ಇನ್ನೊಂದು ವಿಘ್ನವಾದರೆ ಈ ಸಂಬಂಧವೂ ಇಲ್ಲವೆಂದು ನಮಗೆಲ್ಲ ಗೊತ್ತಿತ್ತು.

ವೈಶಾಖದಲ್ಲಿ ಮುಹೂರ್ತ. ಊರಿನಿಂದ ದೊಡ್ಡಮ್ಮ, ಎಂದರೆ ಅಪ್ಪನ ಅತ್ತಿಗೆ, ಅರಸಿನ ಹಚ್ಚಿದ ಕಾರ್ಡು ಬರೆಸಿದ್ದಳು: ಎದೆಯಲ್ಲಿ ನೋವು, ಬರ್ಲಿಕ್ಕೆ ಆಗ್ಲಿಕ್ಕಿಲ್ಲ, ನನ್ನ ಪಾಲಿನ ಅಕ್ಷತೆಯನ್ನು ಚಿಕ್ಕವನೇ ಹಾಕಲಿ. ಚಿಕ್ಕವನೆಂದರೆ ಚಿಕ್ಕಪ್ಪ. ಎರಡು ವರ್ಷದವನಿದ್ದಾಗ ತಾಯಿ ಹೋದಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವನು ಕಾರ್ಡನ್ನು ಎಲ್ಲರಿಗೂ ತೋರಿಸಿ, "ನೋಡಿ, ನನ್ನದು ಡಬ್ಬಲ್ ಅಕ್ಷತೆ!" ಎಂದು ಮೆರೆದ.

ಮದುವೆಗೆ ಮೂರು ದಿನವಿತ್ತು. ಮಧ್ಯಾಹ್ನ ಪೋಸ್ಟ್‌ಮನ್ ಮೆಟ್ಟಿಲ ತುದಿಯಲ್ಲೇ ನಗುತ್ತ ನಿಂತು, "ಘ್ಯಾ, ತುಮಚಂಚ!" ಎಂದು, ತಗೊಳ್ಳಿ ನಿಮ್ಮದೇ ಎಂಬಂತೆ, ಚಿಕ್ಕಪ್ಪನ ಕೈಗೆ ಒಂದು ಕಾರ್ಡು ಕೊಟ್ಟ. ಕರಿಮೂಲೆಯ ಕಾರ್ಡು! ಚಿಕ್ಕಪ್ಪ ಓದುತ್ತಿರುವಾಗಲೇ ಅಮ್ಮ ಹೊರಗೆ ಬಂದು ನೋಡಿ ಕಿರುಚಿದಳು. ಅಪ್ಪ ಚಪ್ಪರದ ಸಾಮಾನು ಕೆಳಗೆ ಬಿಟ್ಟು ಬಂದರು.

"ಎಂಥದು ಅದು?"

ಚಿಕ್ಕಪ್ಪ ಕಾರ್ಡನ್ನು ಎದೆಗೆ ಒತ್ತಿಕೊಂಡಿದ್ದ. "ನಂದೇ ಅಣ್ಣ. ತಮಾಷೆಗೆ. ನನಗೆ ನಾನೇ ಹಾಕಿದ್ದು."

"ಮದುವೆ ಮನೆಯಲ್ಲಿ? ಮರ್ಯಾದೆ ಉಂಟಾ ನಿನಗೆ? ಆ ಹುಡುಗಿಯ ಮುಖ ನೆನಪಾಗ್ಲಿಲ್ವಾ?" ಅಪ್ಪ ಮೆಟ್ಟಿಲ ಕಡೆ ಬೆರಳು ತೋರಿಸಿದರು. "ಕೇಳು, ಮಂಟಪದ ಹತ್ತಿರ ನಿನ್ನ ನೆರಳೂ ಬೀಳಬಾರದು."

"ಆಗ್ಲಿ ಅಣ್ಣ."

ಒಂದು ಚೇಷ್ಟೆಯೂ ಇಲ್ಲ. ಸೀದಾ ಹೋಗಿ ನಳದ ಕೆಳಗೆ ಬಟ್ಟೆಯ ಸಮೇತ ಕೂತ. ನನಗೂ ಅವನ ಮೇಲೆ ಸಿಟ್ಟೇ ಬಂದಿತ್ತು, ನನ್ನ ಕಾರಣ ಬೇರೆ. ಆ ಕಾರ್ಡಿನ ಮೂಲೆ ಅದ್ದಿದ್ದು ನಾನಲ್ಲ! ನನ್ನನ್ನು ಬಿಟ್ಟು ತಾನೊಬ್ಬನೇ ಮಾಡಿಕೊಂಡನಲ್ಲ ಎಂದು ಮೂರು ದಿನ ಅವನೊಡನೆ ಮಾತು ಬಿಟ್ಟೆ. ಎಂಥ ದಡ್ಡಿ ನಾನು.

ಆ ಮೂರು ದಿನ ಅವನು ಗಡ್ಡ ಹೆರೆಯಲಿಲ್ಲ, ಹಣೆಗೆ ಗಂಧವಿಡಲಿಲ್ಲ, ಹೊಸ್ತಿಲು ದಾಟಲಿಲ್ಲ. ಯಾರಾದರೂ ಕೇಳಿದರೆ "ಕಡಲ್ಗಳ್ಳನಿಗೆ ಗಡ್ಡ ಬೇಡವಾ?" ಎನ್ನುತ್ತಿದ್ದ. ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಮದುವೆಯ ದಿನ ಕಲ್ಯಾಣಮಂಟಪದ ಎದುರಿನ ಫುಟ್‌ಪಾತಿನಲ್ಲಿ, ಬ್ಯಾಂಡಿನವರ ಹಿಂದೆ ನಿಂತಿದ್ದ. ಎಲ್ಲರೂ ಅಕ್ಷತೆ ಹಾಕುವಾಗ ನಾನು ಬಾಗಿಲಿನಿಂದ ನೋಡಿದೆ. ಡಬ್ಬಲ್ ಅಕ್ಷತೆಯವನ ಕೈಗಳು ಖಾಲಿ.

ಹೊರಡುವ ಹೊತ್ತಿಗೆ ಅಕ್ಕ ಅಪ್ಪನ ಮಾತನ್ನೂ ಮೀರಿ ರಸ್ತೆ ದಾಟಿ ಹೋಗಿ, ಅವನ ಕಾಲಿಗೆ ಬಾಗಿದಳು. ಚಿಕ್ಕಪ್ಪ ಕೆಂಡ ತುಳಿದವನಂತೆ ಹಿಂದಕ್ಕೆ ಹಾರಿದ.

"ಮುಟ್ಟಬೇಡ!"

ಅಕ್ಕ ಹಾಗೇ ನಿಂತಳು. ಕಾರಿನಲ್ಲಿ ಕೂತಮೇಲೆ ನನ್ನ ಕಿವಿಯಲ್ಲಿ, "ಚಿಕ್ಕಪ್ಪನೂ ನನ್ನ ಕಾಲ್ಗುಣ ನಂಬ್ತಾನಾ?" ಎಂದಳು.

ಮರುದಿನ ಅಕ್ಕ ಮುಲುಂಡಿನ ಮನೆಗೆ ಅಕ್ಕಿಯ ಸೇರು ಒದ್ದು ಒಳಗೆ ಹೋದಳೆಂಬ ಸುದ್ದಿ ಬಂತು. ಅದನ್ನು ಕೇಳಿಸಿಕೊಂಡು, ಚಿಕ್ಕಪ್ಪ ಟ್ರಂಕು ತೆರೆದು ಆ ಕಾರ್ಡನ್ನು ತೆಗೆದು ಹೊಸ್ತಿಲಾಚೆಯಿಂದ ಅಪ್ಪನ ಎದುರಿಗಿಟ್ಟ. ಊರಲ್ಲಿದ್ದ ದೊಡ್ಡಪ್ಪನ ಅಕ್ಷರ. ದೊಡ್ಡಮ್ಮ ತೀರಿಹೋಗಿ ಅಂದಿಗೆ ಒಂಬತ್ತನೆಯ ದಿನ. "ಮದುವೆಯ ಮನೆಯೆಂದು ತಂತಿ ಕೊಡಲಿಲ್ಲ. ನಿನ್ನ ಹೆಸರಿಗೇ ಬರೆದಿದ್ದೇನೆ. ಅಲ್ಲಿ ಹೇಳುವುದೋ ಬಿಡುವುದೋ ನೀನೇ ತೀರ್ಮಾನಿಸು" ಎಂದಿತ್ತು.

ಅಪ್ಪ ಎರಡು ಸಲ ಓದಿದರು. "ನೀನೊಬ್ಬನೇ..." ಎಂದರು.

"ಕೇಳಿದವನಿಗೆ ಮಾತ್ರ ಸೂತಕ ಅಂತ ಭಟ್ರು ಹೇಳಿದ್ರಲ್ಲ ಅಣ್ಣ. ಮೊದಲು ಓದಿದ್ದು ನಾನು. ನನ್ನ ಪಾಲಿಗೇ ಇರಲಿ ಅಂತ."

ಅಪ್ಪ ಎದ್ದು ಅವನನ್ನು ನಳದ ಹತ್ತಿರ ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಮೊದಲ ಚೊಂಬು ತಮ್ಮನ ತಲೆಯ ಮೇಲೆ ಸುರಿದರು. ಕುಲಕರ್ಣಿಬಾಯಿ ಏನೂ ಕೇಳದೆ ತಮ್ಮ ಕೊಡಗಳನ್ನೆಲ್ಲ ಸರಿಸಿಕೊಟ್ಟರು.

ಸೂತಕ ಕಳೆದ ದಿನ ಚಿಕ್ಕಪ್ಪ ಗಡ್ಡ ಹೆರೆದು, ಹೊಸ ಕಾರ್ಡೊಂದನ್ನು ನನ್ನ ಮುಂದಿಟ್ಟ. "ಮಸಿ ಬೇಡ ಮಗಾ. ಅರಸಿನ ತಾ." ನಾಲ್ಕು ಮೂಲೆಗೂ ನಾನೇ ಹಚ್ಚಿದೆ. ಮುಲುಂಡಿಗೆ ಹೋದ ಆ ಕಾರ್ಡು ಅಕ್ಕನ ಪೆಟ್ಟಿಗೆಯಲ್ಲಿ ಈಗಲೂ ಇದೆ: "ಅಪರಾಧಿಗೆ ತಿಳಿಯಪಡಿಸುವುದೇನೆಂದರೆ, ಮದುವೆಯ ದಿನ ನನಗೆ ಸಲ್ಲಬೇಕಾದ ಒಂದು ನಮಸ್ಕಾರ ಸಂದಿಲ್ಲ. ತಪ್ಪು ನನ್ನದೇ. ಭಾನುವಾರದೊಳಗೆ ಬಂದು ಮಾಡತಕ್ಕದ್ದು. ತಪ್ಪಿದಲ್ಲಿ ನಾನೇ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬರಬೇಕಾಗುವುದು."

ಅಕ್ಕ ಭಾನುವಾರದವರೆಗೆ ಕಾಯಲಿಲ್ಲ. ಮಾರನೆಯ ದಿನವೇ ಮೆಟ್ಟಿಲು ಹತ್ತಿ ಬಂದಳು. ಅಮ್ಮ ಬಾಗಿಲಲ್ಲೇ ಎಲ್ಲ ಹೇಳಿದಳು. ಅಕ್ಕ ಗ್ಯಾಲರಿಯ ಚಾಪೆಯ ಮುಂದೆ ಬಾಗಿ ಕಾಲು ಮುಟ್ಟಿದಳು. ಚಿಕ್ಕಪ್ಪ ಮುಷ್ಟಿಯಲ್ಲಿ ಹಿಡಿದಿದ್ದ ಅಕ್ಷತೆಯನ್ನು ಅವಳ ತಲೆಯ ಮೇಲೆ ಒಮ್ಮೆ ಹಾಕಿದ. "ಇದು ನಂದು" ಎಂದ. ಇನ್ನೊಮ್ಮೆ ಹಾಕಲು ಕೈ ಎತ್ತಿದವನು ಹಾಗೇ ಟ್ರಂಕಿಗೆ ಒರಗಿ ಕುಸಿದು, ಮಗುವಿನಂತೆ ಅತ್ತುಬಿಟ್ಟ. "ದೊಡ್ಡತ್ತಿಗೆ ಹೋದ್ರು ಮಗಾ. ನಂಗೆ ಅಳ್ಲಿಕ್ಕೂ ಆಗ್ಲಿಲ್ಲ."

ಅಕ್ಕ ಅವನ ಎರಡೂ ಕೈ ಹಿಡಿದುಕೊಂಡು ಚಾಪೆಯ ಮೇಲೆ ಪಕ್ಕದಲ್ಲೇ ಕೂತಳು. ಈ ಸಲ ಅವನು ಮುಟ್ಟಬೇಡ ಎನ್ನಲಿಲ್ಲ.